ಟ್ರಾಲಿಯ ಬಾಗಿಲ ಮೇಲಿನ ಶನಿ

ಪೇಂಟರ್ ಚಾಚಾ ಅವರ ಬಲಗೈ ಹೆಬ್ಬೆರಳ ಉಗುರು ಸುಣ್ಣದಲ್ಲಿ ಅದ್ದಿ ತೆಗೆದಂತೆ ಯಾವಾಗಲೂ ಬೆಳ್ಳಗಿರುತ್ತಿತ್ತು. ಉಳಿದ ಒಂಬತ್ತು ಉಗುರುಗಳಿಗೆ ಕೆಂಪು, ಹಸಿರು, ನೀಲಿ ಏನೇನೋ ಮೆತ್ತಿಕೊಂಡಿದ್ದರೂ ಅದೊಂದು ಮಾತ್ರ ಬಿಳಿ. ಹಲ್ಲುಜ್ಜುವ ಹಳೇ ಬ್ರಷ್ಷನ್ನು ಬಿಳಿ ಬಣ್ಣದಲ್ಲಿ ಅದ್ದಿ, ಅದರ ಕೂದಲನ್ನು ಆ ಉಗುರಿನಿಂದ ಹಿಂದಕ್ಕೆ ಎಳೆದು ಚಟ್ಟನೆ ಬಿಡುತ್ತಿದ್ದರು. ಕತ್ತಲ ಬಣ್ಣ ಬಳಿದ ತಗಡಿನ ಮೇಲೆ ನಕ್ಷತ್ರಗಳು ಸಿಡಿಯುತ್ತಿದ್ದವು. ಆಮೇಲೆ ಬಟ್ಟೆ ತೆಗೆದುಕೊಂಡು ಅರ್ಧಕ್ಕರ್ಧ ಒರೆಸಿಹಾಕುತ್ತಿದ್ದರು. “ಎಲ್ಲಾ ಇಟ್ರ ಗಿರಣ್ಯಾಗ ಹಿಟ್ಟು ಹಾರಿದಂಗ ಕಾಣತೈತಿ,” ಎನ್ನುತ್ತಿದ್ದರು.

ಸಿಂಧನೂರಿನಲ್ಲಿ ಮಸ್ಕಿ ರಸ್ತೆಗೆ ನನ್ನದು ಹಳೇ ಟ್ರಾಲಿಗಳ ವ್ಯಾಪಾರ. ಭತ್ತದ ಚೀಲ ಹೊತ್ತು ಬದುಕು ಶುರು ಮಾಡಿದವನು ನಾನು, ಯಾರೂ ಕೈಹಿಡಿದು ಕಲಿಸಿದ್ದಲ್ಲ. ಟ್ರ್ಯಾಕ್ಟರಿಗೆ ಕಟ್ಟುವ ಹಳೇ ಟ್ರಾಲಿ ತಂದು, ಬೆಸುಗೆ ಹಾಕಿಸಿ, ಬಣ್ಣ ಹೊಡೆಸಿ ಮಾರುತ್ತೇನೆ. ನೀವು ಎಂದಾದರೂ ಒಂದು ಕೊಳ್ಳುವುದಿದ್ದರೆ ನನ್ನ ಮಾತು ಕೇಳಿ: ಬಣ್ಣಕ್ಕೆ ಮರುಳಾಗಬೇಡಿ, ಬಗ್ಗಿ ಕೆಳಗಿನ ಚಾಸಿ ನೋಡಿ, ಅಕ್ಸೆಲ್ ಮುಟ್ಟಿ ನೋಡಿ. ಈ ಬುದ್ಧಿಯಿಂದಲೇ ನಾನು ನಾಲ್ಕು ಜನರ ನಡುವೆ ನಿಂತಿದ್ದೇನೆ. ಈ ಬುದ್ಧಿಯೇ ನನ್ನನ್ನು ಕೆಡಿಸಿದ್ದೂ ಹೌದು.

ಚಾಚಾ ದಿನಾ ಮಸ್ಕಿಯಿಂದ ಬಸ್ಸಿಗೆ ಬರುತ್ತಿದ್ದರು. ಟ್ರಾಲಿಯ ಹಿಂದಿನ ಬಾಗಿಲಿಗೆ ನಮ್ಮ ಕಡೆಯ ರೈತರಿಗೆ ಬೇಕಾದದ್ದು ಕಮಲ, ಜೋಡೆತ್ತು, ಗಿಳಿ, ಮನೆದೇವರ ಹೆಸರು. ಅದನ್ನೆಲ್ಲ ಅವರು ಅರ್ಜಿ ತುಂಬಿದಂತೆ ಸರಸರ ಮುಗಿಸುತ್ತಿದ್ದರು. ಪಕ್ಕದ ಸಣ್ಣ ಪಟ್ಟಿಗಳು ಉಳಿದರೆ ಅಲ್ಲಿ ಮಾತ್ರ ಕೈ ನಿಧಾನವಾಗುತ್ತಿತ್ತು. ಬಾಲ ಚಾಚಿದ ಧೂಮಕೇತು, ತೂತುಬಿದ್ದ ಚಂದ್ರ, ಹಗ್ಗ ಕಟ್ಟಿಕೊಂಡು ತೇಲುವ ಗಗನಯಾತ್ರಿ.

“ಚಾಚಾ, ಇದನ್ನ ಯಾರು ಕೇಳ್ಯಾರ್ರೀ? ಸುಮ್ನ ಬಣ್ಣ ಹಾಳು,” ಎಂದರೆ, “ಗಿರಾಕಿ ಕೇಳಿದ್ದು ಹಿಂದ ಐತಿ, ಸಾವ್ಕಾರ. ಇದು ಟ್ರಾಲಿ ಕೇಳಿದ್ದು,” ಎನ್ನುತ್ತಿದ್ದರು. ನಾನು ಚೀಲ ಹೊರುತ್ತಿದ್ದ ದಿನದಿಂದಲೂ ನನ್ನನ್ನು ಸಾವ್ಕಾರ ಎಂದೇ ಕರೆದವರು. ಆಗ ಅದು ಚೇಷ್ಟೆಯಾಗಿತ್ತು.

ಅವರ ಚೀಲದಲ್ಲಿ ಎರಡು ಪ್ಲಾಸ್ಟಿಕ್ ಕವರುಗಳಿದ್ದವು. ಲಿಂಗಸುಗೂರಿನ ರದ್ದಿ ಅಂಗಡಿಯಲ್ಲಿ ಹಳೇ ಪುಸ್ತಕ, ಮಾಸಪತ್ರಿಕೆಗಳಿಂದ ಆರಿಸಿದ ಆಕಾಶದ ಚಿತ್ರಗಳು ಅವುಗಳ ತುಂಬ. ಒಂದು ಕವರಿನಲ್ಲಿ “ನೋಡಿ ಬರದದ್ದು”, ಅಂದರೆ ಕಣ್ಣಾರೆ ಕಂಡು ಬರೆದದ್ದು; ಇನ್ನೊಂದರಲ್ಲಿ “ಕೇಳಿ ಬರದದ್ದು”. ಮಧ್ಯಾಹ್ನ ಬುತ್ತಿ ಬಿಚ್ಚುವ ಮೊದಲು ಒಂದು ಹಾಳೆ ನನ್ನ ಮುಂದೆ ಹಿಡಿದು ಪರೀಕ್ಷೆ ಮಾಡುತ್ತಿದ್ದರು.

“ಇದು ಯಾವ ಕವರಿಗೆ ಹೋಗಬೇಕು, ಹೇಳು.”

“ಛಲೋ ಐತಿ ಬಿಡ್ರಿ. ಬಣ್ಣ ಭಾರಿ ಅದಾವ.”

“ಬಣ್ಣ ನೋಡಿ ಟ್ರಾಲಿ ತಗೋಬ್ಯಾಡ್ರಿ ಅಂತ ಊರಿಗೆಲ್ಲಾ ಹೇಳ್ತಿ, ಚಿತ್ರಕ್ಕ ಬಣ್ಣ ನೋಡ್ತಿಯಲ್ಲೋ! ಮೊದಲು ಬೆಳಕು ಎಲ್ಲಿಂದ ಬರಾಕತ್ತೈತಿ ನೋಡು. ಸೂರ್ಯ ಒಬ್ಬಾನ. ಈ ಗ್ರಹಕ್ಕ ನೆರಳು ಎಡಕ್ಕ, ಆ ಗ್ರಹಕ್ಕ ಬಲಕ್ಕ ಇದ್ರ, ಬರದಾವ ಎರಡು ಬಲ್ಬ್ ಹಚ್ಕೊಂಡು ಕುಂತಾನ ಅಂತ ತಿಳ್ಕೊ.”

ಇನ್ನೊಂದು ದಿನ ರಾಕೆಟ್ಟಿನ ಚಿತ್ರ. ಅದರ ಬೆಂಕಿ ಬಳುಕಿ ಮೇಲಕ್ಕೆ ಏಳುತ್ತಿತ್ತು. “ಅಲ್ಲಿ ಗಾಳಿನ ಇಲ್ಲ, ಬೆಂಕಿ ಹೆಂಗ ಬಳಕ್ತದ? ಇವ ಹೆಂಡ್ತಿ ಒಲಿ ನೋಡಿ ಬರದಾನ,” ಎಂದು ಎರಡನೇ ಕವರಿಗೆ ತುರುಕಿದರು. ಕತ್ತಲೆಗೆ ಅವರು ಎಂದೂ ಬರೀ ಕಪ್ಪು ಬಣ್ಣ ಮುಟ್ಟಿದವರಲ್ಲ. ನೀಲಿಗೆ ಕಂದು ಬೆರೆಸಿ, ನಮ್ಮ ಎರೆಮಣ್ಣು ಮಳೆಗೆ ನೆನೆದಾಗ ಇರುತ್ತದಲ್ಲ, ಆ ಬಣ್ಣಕ್ಕೆ ತರುತ್ತಿದ್ದರು. ಇವತ್ತಿಗೂ ಫ್ಲೆಕ್ಸ್ ಅಂಗಡಿಯಲ್ಲಿ ಗ್ರಹಗಳ ಚಿತ್ರ ಕಂಡರೆ ನಾನು ಮೊದಲು ಹುಡುಕುವುದು ನೆರಳನ್ನು. ನೀವೂ ಹುಡುಕಿ, ಹತ್ತರಲ್ಲಿ ಎಂಟು ಸುಳ್ಳು ಹೇಳುತ್ತವೆ.

ಅವರದೇ ಚಿತ್ರಗಳು ಯಾವ ಕವರಿಗೆ ಎಂದು ಒಮ್ಮೆ ಕೆಣಕಿದ್ದೆ. ನಗಲಿಲ್ಲ. “ನಂದೂ ಕೇಳಿ ಬರದದ್ದೇ,” ಎಂದರು.

ಲಿಂಗಸುಗೂರಿನ ಶಾಲೆಯೊಂದರ ಗೋಡೆಗೆ ಸೌರಮಂಡಲ ಬರೆಯಲು ಹೋದಾಗ ಅಲ್ಲಿನ ವಿಜ್ಞಾನದ ಮೇಡಂ, “ಸಂಜಿತನಕ ಇರ್ರಿ, ದೂರದರ್ಶಕದಾಗ ಶನಿ ತೋರಸ್ತೀನಿ,” ಎಂದರಂತೆ. ಮರುದಿನ ಬೆಳಿಗ್ಗೆ ಚಾಚಾ ಬಸ್ಸಿಳಿದು ಹೆಚ್ಚುಕಡಿಮೆ ಓಡುತ್ತಲೇ ಬಂದರು.

“ಸಾವ್ಕಾರ, ನೋಡಿದೆ! ಖರೇನ ಉಂಗುರ ಐತಿ. ಎಷ್ಟು ಸಣ್ಣದು ಗೊತ್ತೇನು? ಜ್ವಾಳದ ಕಾಳಿನಷ್ಟು. ನಾವೆಲ್ಲಾ ಕುಂಬಳಕಾಯಿ ಮಾಡಿಟ್ಟೀವಿ.”

ಅಂಗಳದಲ್ಲಿ ಗಟ್ಟಿ ಚಾಸಿಯ ಒಂದು ಟ್ರಾಲಿ ಸಿದ್ಧವಾಗಿ ನಿಂತಿತ್ತು. ಅದರ ಹಿಂದಿನ ಬಾಗಿಲನ್ನು ಕೇಳಿದರು, ನಾನು ಹೂಂ ಎಂದೆ. ದಿನದ ಕೆಲಸ ಮುಗಿಸಿ, ಕೊನೆಯ ಬಸ್ಸಿಗೆ ಮೊದಲು ಸಿಕ್ಕ ಒಂದೊಂದು ತಾಸಿನಲ್ಲಿ ಐದು ದಿನ ಬರೆದರು. ಅಷ್ಟಗಲದ ಕತ್ತಲೆಯಲ್ಲಿ ಲಿಂಬೆಹಣ್ಣಿನಷ್ಟು ಒಂದೇ ಒಂದು ಹಳದಿ ಗುಂಡು, ಓರೆಯಾದ ಉಂಗುರ.

“ಇಷ್ಟು ದೊಡ್ಡ ಬಾಗಲಕ್ಕ ಇಷ್ಟೇನಾ? ಉಳಿದದ್ದೆಲ್ಲಾ ಖಾಲಿ ಬಿಟ್ಟೀರಲ್ಲ,” ಎಂದೆ.

“ಅದು ಖಾಲಿ ಅಲ್ಲೋ, ದೂರ,” ಎಂದರು. ಬ್ರಷ್ಷು ತೊಳೆಯುತ್ತ, ನನ್ನ ಕಡೆ ನೋಡದೆ ಮತ್ತೆ ಹೇಳಿದರು: “ಮೇಡಂ ಐತಾರ ಬರ್ತಾರ. ಅಲ್ಲೀತನಕ ಈ ಟ್ರಾಲಿ ಕೊಡಬ್ಯಾಡ. ಆಮ್ಯಾಲ ನೀ ಏನರ ಮಾಡ್ಕೊ.”

“ಆಯ್ತು ಚಾಚಾ. ಮಾತು ಅಂದ್ರ ಮಾತು.”

ಇಷ್ಟು ವರ್ಷದಲ್ಲಿ ಅವರು ನನ್ನನ್ನು ಕೇಳಿದ್ದು ಅದೊಂದೇ.

ಶುಕ್ರವಾರ ಚಾಚಾ ಜುಮ್ಮಾ ನಮಾಜಿಗೆ ಹೋದ ಹೊತ್ತಿಗೆ ಗೊರೇಬಾಳದಿಂದ ಅಪ್ಪ, ಮಗ ಬಂದರು. ಚಾಸಿ ಮೆಚ್ಚಿದರು, ಟೈರು ಒದ್ದು ನೋಡಿದರು, ಮಾತು ಹದಕ್ಕೆ ಬಂತು. ಆಗ ಹಿರಿಯ ಹಿಂದಕ್ಕೆ ಹೋದ.

“ಇದೇನಪಾ ಇದು?”

“ಲಿಂಬಿಹಣ್ಣು, ಯಜಮಾನ್ರ. ದೃಷ್ಟಿ ಆಗಬಾರ್ದು ಅಂತ ಹಾಕ್ಸೀವಿ,” ಎಂದೆ. ನನ್ನ ಬಾಯಿಗೆ ಎಂದೂ ಬರಗಾಲವಿಲ್ಲ.

ಮಗ ನಕ್ಕ. “ಲಿಂಬಿಹಣ್ಣಿಗೆ ಬಳಿ ಯಾರು ತೊಡಸ್ಯಾರ್ರೀ? ಅಪ್ಪಾ, ಇದು ಶನಿ.”

ಹಿರಿಯ ಎರಡು ಹೆಜ್ಜೆ ಹಿಂದೆ ಸರಿದ. “ಸಾಡೇಸಾತಿ ಮುಗದು ಇನ್ನಾ ವರ್ಷ ಆಗಿಲ್ಲ. ಅವನ್ನ ಬೆನ್ನಿಗೆ ಕಟ್ಕೊಂಡು ಹೊಲಕ್ಕ ಹೋಗ್ಲೇನು? ನಡಿಲೇ, ಬ್ಯಾರೆ ಕಡೆ ನೋಡೂಣು.”

“ಕುಂದರ್ರಿ ಯಜಮಾನ್ರ. ಚಾ ಕುಡಿಯೂದ್ರಾಗ ಶನಿ ಇರಂಗಿಲ್ಲ.”

ಎರಡು ದಿನ ತಡೆದಿದ್ದರೆ ಅವರು ಬರುತ್ತಿದ್ದರೋ ಇಲ್ಲವೋ. ಬರದಿದ್ದರೂ ಇನ್ನೊಬ್ಬ ಗಿರಾಕಿ ಬಂದೇ ಬರುತ್ತಿದ್ದ, ಸುಗ್ಗಿ ಹತ್ತಿರವಿತ್ತು. ಇದು ನನಗೆ ಆಗಲೂ ಗೊತ್ತಿತ್ತು. ಆದರೆ ಎದ್ದು ಹೊರಟ ಗಿರಾಕಿಯನ್ನು ಕೂರಿಸುವುದೇ ಒಂದು ಚಟ. ನಾನೇ ಕಂಪ್ರೆಸರ್ ಹಚ್ಚಿ, ನಾನೇ ಪೈಪು ಹಿಡಿದು, ಬಾಗಿಲಿಗೆಲ್ಲ ಕೆಂಪು ಹೊಡೆದೆ.

ಕಂಪ್ರೆಸರ್ ಇನ್ನೂ ಆರಿಸಿರಲಿಲ್ಲ. ಚಾಚಾ ತಲೆಯ ಬಿಳಿ ಟೋಪಿ ತೆಗೆಯುತ್ತ ಒಳಗೆ ಬಂದರು. ಬಾಗಿಲು ನೋಡಿದರು. ಚೀಲದಿಂದ ಒರೆಸುವ ಬಟ್ಟೆ ತೆಗೆದು ಸೀಮೆಎಣ್ಣೆಯಲ್ಲಿ ಅದ್ದಿದರು. ಗಿರಾಕಿಗಳಿಗೆ ಕೇಳಿಸದಂತೆ ನನ್ನ ಹತ್ತಿರ ಬಂದು ಹೇಳಿದರು: “ಇನ್ನಾ ಹಸಿ ಐತಿ. ಈಗ ಒರಸಿದ್ರ ಕೆಳಗಿಂದು ಉಳೀತೈತಿ. ಒರಸ್ಲೇನು?”

ಆಗ ನಾನು ಹೂಂ ಎನ್ನಬಹುದಿತ್ತು. ಹಿರಿಯ ಬಸಿಯಲ್ಲಿ ಚಹಾ ಸುರಿದುಕೊಂಡು ನಮ್ಮನ್ನೇ ನೋಡುತ್ತಿದ್ದ.

“ಬ್ಯಾಡ ಚಾಚಾ. ಒಣಗಿದ ಮ್ಯಾಲ ಒಂದು ಕಮಲ ಹಾಕಿಬಿಡ್ರಿ.”

ಅವರು ಬಟ್ಟೆ ಹಿಂಡಿ, ಮಡಿಚಿ, ಚೀಲದಲ್ಲಿಟ್ಟುಕೊಂಡರು. ಸಂಜೆಯ ಹೊತ್ತಿಗೆ ಕಮಲ ಬರೆದರು. ನನ್ನ ಅಂಗಳದಲ್ಲಿ ಅವರು ಬರೆದ ಕಮಲಗಳಲ್ಲೆಲ್ಲ ಚೆಂದದ್ದು ಅದೇ. ಅರ್ಜಿ ತುಂಬಿದಂತೆ ಬರೆದಿದ್ದರೆ ನನಗೆ ಇಷ್ಟು ಚುಚ್ಚುತ್ತಿರಲಿಲ್ಲ.

ಭಾನುವಾರ ಮೇಡಂ ಲಿಂಗಸುಗೂರಿನಿಂದ ಬಸ್ಸು ಹಿಡಿದು ಬಂದರು. ನಾನು ಫೋನು ಕಿವಿಗೆ ಹಿಡಿದು, ಆ ಕಡೆ ಯಾರೂ ಇಲ್ಲದಿದ್ದರೂ ಮಾತಾಡುತ್ತಿದ್ದೆ. ಚಾಚಾ ಅವರಿಗೆ ಕುರ್ಚಿ ಹಾಕಿ, ಕೈಮುಗಿದು, “ಇನ್ನಾ ಬರದಿಲ್ರಿ ಮೇಡಂ. ಧೈರ್ಯ ಸಾಲಲಿಲ್ಲ. ಬರದ ಮ್ಯಾಲ ಹೇಳಿ ಕಳಸ್ತೀನಿ,” ಎಂದರು. ಮೇಡಂ ನಕ್ಕು, ಚಹಾ ಕುಡಿದು ಹೋದರು. ನನ್ನ ಹೆಸರು ಆ ಮಾತಿನಲ್ಲಿ ಎಲ್ಲೂ ಬರಲಿಲ್ಲ.

ಆಮೇಲೂ ಚಾಚಾ ಬಂದರು, ಬರೆದರು, ನನ್ನೊಡನೆ ಬುತ್ತಿ ಬಿಚ್ಚಿದರು. ಆ ಎರಡು ಕವರುಗಳು ಮಾತ್ರ ಹೊರಗೆ ಬರಲಿಲ್ಲ. ಒಂದು ದಿನ ತಡೆಯದೆ, “ಚಾಚಾ, ಈ ಪಟ್ಟಿ ಉಳದೈತಿ, ಚುಕ್ಕಿ ಹಾಕ್ರಲ್ಲ,” ಎಂದೆ.

“ಗಿರಾಕಿ ಕೇಳ್ಯಾನೇನು?”

“ಇಲ್ಲ.”

“ಹಂಗಾರ ಬ್ಯಾಡ ಬಿಡು.”

ತಪ್ಪಾಯಿತು ಎನ್ನುವುದನ್ನು ಬಿಟ್ಟು ಉಳಿದದ್ದೆಲ್ಲ ಮಾಡಿದೆ. ಹೊಸ ತಗಡು ತರಿಸಿ, ಇದು ನಿಮಗೇ, ಇನ್ನೊಂದು ಬರೀರಿ ಎಂದೆ. ಮಳೆಗಾಲದಲ್ಲಿ ಅದನ್ನು ಅವರು ಬಣ್ಣದ ಡಬ್ಬಿಗಳ ಮೇಲೆ ಮುಚ್ಚಿಟ್ಟರು. ಮನುಷ್ಯರೊಡನೆ ತಪ್ಪು ಮಾಡಿದರೆ ವಸ್ತು ಕೊಟ್ಟು ಸರಿಮಾಡಲು ಹೋಗಬೇಡಿ. ಬಾಯಿಬಿಟ್ಟು ಕೇಳಿ. ನಾನು ಕೊಡುವ ಸಲಹೆಗಳಲ್ಲಿ ನಾನೇ ಪಾಲಿಸದೆ ಹೋದದ್ದು ಇದು.

ಹೋದ ಚಳಿಗಾಲ ಚಾಚಾ ಉಸಿರಿನ ಬೇನೆಯಿಂದ ಹೋದರು. ಮಸ್ಕಿಯಲ್ಲಿ ಮಣ್ಣಿಗೆ ನಾನೂ ಇದ್ದೆ, ಮೂರು ಹಿಡಿ ಹಾಕಿದೆ. ಮೂರನೇ ದಿನ ಅವರ ಮನೆಯ ಬಾಗಿಲಲ್ಲಿ ಮೇಡಂ ಸಿಕ್ಕರು.

“ನಿಮ್ಮ ಹತ್ರ ಕೆಲಸ ಮಾಡ್ತಿದ್ರಲ್ಲ? ಕಡೀಗೂ ಶನಿ ಬರದ್ರೇನ್ರಿ? ಅವತ್ತು ಅರ್ಧ ತಾಸು ಕಣ್ಣು ತಗೀಲಿಲ್ಲ ನೋಡ್ರಿ. ಉಂಗುರದ ನಡುವ ಕೂದಲಿನಂಥ ಒಂದು ಕರಿ ಗೆರಿ ಕಾಣತೈತಿ ಅಂದ್ರು. ಅದು ಎಲ್ಲರಿಗೂ ಕಾಣಂಗಿಲ್ಲ. ಅದನ್ನ ಹಾಕ್ಯಾರೋ ಇಲ್ಲೋ ಅಂತ ನೋಡೋ ಆಸಿ ಇತ್ತು.”

“ಇಲ್ರಿ ಮೇಡಂ,” ಎಂದೆ. “ಬರೀಲಿಲ್ಲ.”

ಚಾಚಾ ಹೇಳಿದ್ದನ್ನೇ ಹೇಳಿದೆ ಎಂದು ಬಸ್ಸಿನಲ್ಲಿ ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಸಿಂಧನೂರು ಬರುವುದರೊಳಗೆ ಆ ಸಮಾಧಾನ ಹೋಯಿತು. ಅವರು ನನ್ನನ್ನು ಉಳಿಸಲು ಹೇಳಿದ್ದರು. ನಾನೂ ನನ್ನನ್ನೇ ಉಳಿಸಿಕೊಂಡಿದ್ದೆ.

ಕೆಂಪು ಕೆರೆದರೆ ಕೆಳಗಿನ ಶನಿ ಸಿಕ್ಕೀತೇನೋ ಎಂದು ಮರುವಾರ ಗೊರೇಬಾಳಕ್ಕೆ ಹೋದೆ. ಬಾಗಿಲು ತುಕ್ಕು ಹಿಡಿದಿತ್ತೆಂದು ಹಿರಿಯನ ಮಗ ಅದನ್ನು ಕತ್ತರಿಸಿ, ಹೊಸದು ಹಾಕಿಸಿ, ಹಳೆಯದನ್ನು ಗುಜರಿಗೆ ಕೊಟ್ಟಿದ್ದ. ಚಾಚಾ ಅವರದು ಬಟನ್ ಫೋನು, ಅದರಲ್ಲಿ ಫೋಟೋ ಇಲ್ಲ. ನನ್ನ ಫೋನಿನಲ್ಲಿ ಆ ಟ್ರಾಲಿಯ ಏಳು ಫೋಟೋ ಇವೆ, ಗಿರಾಕಿಗಳಿಗೆ ಕಳಿಸಲು ತೆಗೆದವು. ಟೈರು, ಚಾಸಿ, ಅಕ್ಸೆಲ್, ಎರಡು ಪಕ್ಕ, ಒಳಗಿನ ನೆಲ, ಟ್ರ್ಯಾಕ್ಟರಿಗೆ ಸಿಕ್ಕಿಸುವ ಕೊಂಡಿ.

ಮೇಡಂ, ಅವರು ಬರೆದಿದ್ದರು. ನಾನು ಅದರ ಮೇಲೆ ಕೆಂಪು ಹೊಡೆದೆ. ಉಂಗುರದ ನಡುವೆ ಆ ಗೆರೆ ಇತ್ತೋ ಇಲ್ಲವೋ ಎಂದು ನೀವು ಕೇಳಿದರೆ ಹೇಳಬೇಕಾದವನು ಈಗ ಲೋಕದಲ್ಲಿ ನಾನೊಬ್ಬನೇ. ಐದು ದಿನ ಅದು ನನ್ನ ಕಣ್ಣ ಮುಂದೆಯೇ ಇತ್ತು. ನಾನು ಹತ್ತಿರ ಹೋಗಿ ನೋಡಲಿಲ್ಲ.