ಮಹಡಿ ಮೇಲಿನ ಜ್ಯೂಸು, ಕೆಳಗಿನ ಸೇಡು

ಅವರ ಬಲ ಅಂಗೈ ಯಾವಾಗಲೂ ಕೆಂಪಗಿರುತ್ತಿತ್ತು. ಗೋರಂಟಿಯಲ್ಲ, ಬೀಟ್ರೂಟು. ಜ್ಯೂಸ್ ಮೆಷಿನ್ನಿನಿಂದ ಬಿದ್ದ ಚರಟವನ್ನು ಮುಷ್ಟಿಯಲ್ಲಿ ಹಿಡಿದು, ಹಲ್ಲು ಕಚ್ಚಿ ಹಿಂಡಿ ನೋಡುತ್ತಿದ್ದರು. ಒಂದು ಹನಿ ತೊಟ್ಟಿಕ್ಕಿದರೂ ಮೆಷಿನ್ನಿಗೆ ಬೈಗುಳ. ಮದುವೆಯಾಗಿ ಬಂದಾಗಿನಿಂದ ನನ್ನನ್ನೂ ಅವರು ಹಿಂಡಿದ್ದು ಹಾಗೆಯೇ.

ಅವರು ನನ್ನ ಓರಗಿತ್ತಿ, ನಮ್ಮ ಯಜಮಾನರ ಅಣ್ಣನ ಹೆಂಡತಿ. ನಾನು ಅಕ್ಕ ಎನ್ನುತ್ತಿದ್ದೆ. ಬಸವೇಶ್ವರನಗರದಲ್ಲಿ ಇಬ್ಬರದೂ ಒಂದೇ ಮನೆ: ಮಹಡಿಯಲ್ಲಿ ಅವರು, ಕೆಳಗೆ ನಾವು. ಯಾವ ಜಗಳವಾದರೂ ಕೊನೆಯ ಮಾತು ಮಹಡಿಯದೇ. ಸಾಯುವುದರೊಳಗೆ ಒಂದೇ ಒಂದು ಸಲ ಅದು ನನ್ನದಾಗಬೇಕು ಎಂದು ನಾನು ದೇವರಿಗೆ ಎಷ್ಟು ದೀಪ ಹಚ್ಚಿದ್ದೇನೋ! ಮೊಮ್ಮಗಳು ಈಗ ಫೋನಿನಲ್ಲಿ ಟೈಪ್ ಮಾಡುವುದನ್ನು ಕಲಿಸಿದ್ದಾಳೆ, ಇದನ್ನೂ ಹಾಗೆಯೇ ಬರೆಯುತ್ತಿದ್ದೇನೆ. ಅಕ್ಕನಿಗೆ ಈ ವಿದ್ಯೆ ಬರುತ್ತಿರಲಿಲ್ಲ. ಅಷ್ಟರಮಟ್ಟಿಗೆ ಸಮಾಧಾನ.

ಮೆಷಿನ್ ಕೊಳ್ಳಲು ರಾಜಾಜಿನಗರಕ್ಕೆ ನನ್ನನ್ನೂ ಎಳೆದುಕೊಂಡು ಹೋಗಿದ್ದರು. ಅಂಗಡಿಯವನು ಹೊಳೆಯುವುದೊಂದನ್ನು ಮುಂದಿಟ್ಟ.

"ಇದು ಹೈಸ್ಪೀಡ್ ಆಂಟಿ. ಹಿಂಗ್ ಹಾಕಿದ್ರೆ ಹಂಗ್ ಜ್ಯೂಸು."

ಅಕ್ಕ ಚೀಲದಿಂದ ಮನೆಯ ಕ್ಯಾರೆಟ್ ತೆಗೆದು ಕೊಟ್ಟರು. ಮೆಷಿನ್ನು ಬೋರ್‌ವೆಲ್ ಕೊರೆದಂತೆ ಅರಚಿತು. ಚರಟವನ್ನು ಹಿಂಡಿದರೆ ರಸ ಮೊಣಕೈವರೆಗೆ ಇಳಿಯಿತು.

"ನೋಡಪ್ಪ, ರಸ ಎಲ್ಲ ಇಲ್ಲೇ ಉಳ್ಕೊಂಡಿದೆ. ನಿಧಾನಕ್ಕೆ ತಿರುಗೋದು ತೋರ್ಸು."

ನಿಧಾನದ್ದು ಗೊಣಗುತ್ತಾ ಅರೆಯಿತು. ಚರಟ ಬೂಸಾದಂತೆ ಒಣಗಿ ಬಿತ್ತು. ಸದ್ಯ, ಮುಗಿಯಿತು ಎಂದುಕೊಂಡೆ.

"ಈಗ ತೊಳೆದು ತೋರ್ಸು."

"ಡೆಮೋದಲ್ಲಿ ತೊಳೆಯೋದೆಲ್ಲ ಇರಲ್ಲ ಆಂಟಿ."

"ನಿಮ್ಮನೇಲಿ ಪಾತ್ರೆ ಯಾರು ತೊಳೀತಾರೆ?"

"ನಮ್ಮಮ್ಮ."

"ಅದಕ್ಕೇ ನಿಂಗೆ ಗೊತ್ತಿಲ್ಲ. ಬ್ರಷ್ ತಗೊಂಬಾ."

ಅವನಿಂದ ಮೂರು ಮೆಷಿನ್ನುಗಳ ಜಾಲರಿ ಉಜ್ಜಿಸಿದರು. ಯಾವುದರಲ್ಲಿ ನಾರು ಸಿಕ್ಕಿಕೊಳ್ಳದೆ ಬೇಗ ಬಿಟ್ಟಿತೋ ಅದನ್ನೇ ಕೊಂಡರು. ಆಟೋದಲ್ಲಿ ನನಗೆ ಪಾಠ: "ಕುಡಿಯೋದು ಎರಡು ಗುಟುಕು ಕಣೇ, ತೊಳೆಯೋದು ದಿನಾ ಇದ್ದಿದ್ದೇ. ತೊಳೆಯೋಕೆ ಕಷ್ಟ ಆದ್ರೆ ಯಾವ ಮೆಷಿನ್ನೂ ಅಟ್ಟ ಸೇರುತ್ತೆ."

ಮಾರನೆಯ ಬೆಳಿಗ್ಗೆಯಿಂದಲೇ ನನ್ನ ಗ್ರಹಚಾರ ಶುರುವಾಯಿತು. ನನಗೆ ಶುಗರ್ ಇತ್ತು, ಅವರಿಗೆ ಬಿಡುವಿತ್ತು. ಸೌತೆಕಾಯಿ, ಸೋರೆಕಾಯಿ, ಚೂರು ಹಾಗಲಕಾಯಿ, ಕೊನೆಗೆ ಶುಂಠಿ. ಸೋರೆಕಾಯಿಯ ಚೂರನ್ನು ಮೊದಲು ತಮ್ಮ ನಾಲಿಗೆಯ ಮೇಲಿಟ್ಟು ನೋಡುತ್ತಿದ್ದರು; ಕಹಿಯಿದ್ದರೆ ಇಡೀ ಕಾಯಿ ಕಸದ ಬುಟ್ಟಿಗೆ. ನನಗೆ ವಿಷ ಹಾಕುವ ಉದ್ದೇಶ ಅವರಿಗಿರಲಿಲ್ಲ ಎಂಬುದಕ್ಕೆ ನನ್ನ ಬಳಿ ಇರುವ ಪುರಾವೆ ಇದೊಂದೇ. ಲೋಟ ಹಿಡಿದು ಇಳಿದು ಬಂದು, ನಾನು ತಳ ಕಾಣಿಸುವವರೆಗೆ ಬಾಗಿಲಲ್ಲೇ ನಿಲ್ಲುತ್ತಿದ್ದರು. "ಆಮೇಲೆ ಕುಡೀತೀನಿ ಅಕ್ಕ" ಎಂದರೆ, "ಇಟ್ಟು ಕುಡಿಯೋಕೆ ಇದೇನು ಉಪ್ಪಿನಕಾಯಾ?" ಎನ್ನುತ್ತಿದ್ದರು.

ಇಷ್ಟನ್ನೂ ಸಹಿಸಿದ್ದೆ. ವರಮಹಾಲಕ್ಷ್ಮಿ ಹಬ್ಬದ ಸಂಜೆ ಮಾತ್ರ ಸಹಿಸಲಾಗಲಿಲ್ಲ. ರಸ್ತೆಯ ಹೆಂಗಸರೆಲ್ಲ ಅವರ ಮನೆಗೆ ಅರಿಸಿನ ಕುಂಕುಮಕ್ಕೆ ಬಂದಿದ್ದರು. ಎಲ್ಲರ ತಟ್ಟೆಗೂ ತುಪ್ಪದ ಹೋಳಿಗೆ. ನನ್ನ ಮುಂದೆ ಬೆಳ್ಳಿ ಲೋಟದಲ್ಲಿ ಹಾಗಲಕಾಯಿ ರಸ!

"ಇವಳಿಗೆ ಹೋಳಿಗೆ ಬೇಡ ಕಣ್ರೀ, ಶುಗರ್ರು. ಕದ್ದು ತಿಂತಾಳೆ. ನಾನು ಕಾಯದೇ ಇದ್ರೆ ಡಬ್ಬ ಖಾಲಿ."

ಅರಿಸಿನ ಕುಂಕುಮಕ್ಕೆ ಬಂದವಳು ಕೊಟ್ಟದ್ದನ್ನು ಬೇಡವೆನ್ನುವಂತಿಲ್ಲ. ಅಷ್ಟೂ ಜನರ ನಗುವಿನ ನಡುವೆ ಕುಡಿದು ಮುಗಿಸಿದೆ. ಕಹಿ ಗಂಟಲು ಬಿಟ್ಟು ಇಳಿಯಿತು, ಎದೆಯಲ್ಲಿ ನಿಂತಿತು.

ನವರಾತ್ರಿಗೆ ನಮ್ಮ ಮನೆಯಲ್ಲಿ ಬೊಂಬೆ. ಅಲ್ಲಿಯವರೆಗೆ ಜೇನುತುಪ್ಪದಂತೆ ಇದ್ದೆ. ಅಕ್ಕ ದಿನವೂ ಚರಟವನ್ನು ಬೀದಿ ಹಸುವಿಗೆಂದು ಒಂದು ಬಟ್ಟಲಲ್ಲಿ ಮೆಟ್ಟಿಲ ಮೇಲೆ ಇಡುತ್ತಿದ್ದರು. ಅಂದು ಬೆಳಿಗ್ಗೆ ಹಸುವಿಗಿಂತ ಮುಂಚೆ ನಾನು ಹೋದೆ. ಕಡಲೆಹಿಟ್ಟು, ಹಸಿಮೆಣಸಿನಕಾಯಿ, ಕರಿಬೇವು ಸೇರಿಸಿ ಗರಿಗರಿಯಾಗಿ ವಡೆ ಕರಿದೆ. ಸಂಜೆ ಬೊಂಬೆ ನೋಡಲು ಬಂದ ರಸ್ತೆಯ ಹೆಂಗಸರ ನಡುವೆ ಕುಳಿತು ಅಕ್ಕ ಒಂದು ತಿಂದರು, ಇನ್ನೊಂದು ತಿಂದರು, ಮತ್ತೊಂದಕ್ಕೆ ಕೈಚಾಚಿದರು.

"ಏನು ಹಾಕಿದೀಯೇ ಇದಕ್ಕೆ? ಚೆನ್ನಾಗಿದೆ."

ಎಲ್ಲರಿಗೂ ಕೇಳುವಂತೆ ಹೇಳಿದೆ: "ಬೆಳಿಗ್ಗೆ ಹಸೂಗೆ ಅಂತ ಇಟ್ಟಿದ್ರಲ್ಲ ಅಕ್ಕ, ಅದೇ. ಹಸು ಬರ್ಲಿಲ್ಲ. ನೀವು ಬಂದ್ರಿ."

ಕೋಣೆಯೆಲ್ಲ ಗೊಳ್ಳೆಂದಿತು. ನನ್ನ ಜನ್ಮ ಸಾರ್ಥಕವಾಯಿತು ಎಂದುಕೊಂಡೆ. ಅಕ್ಕ ಬಾಯಲ್ಲಿದ್ದುದನ್ನು ನಿಧಾನವಾಗಿ ಅಗಿದು ನುಂಗಿದರು. "ಉಪ್ಪು ಒಂದು ಚೂರು ಕಮ್ಮಿ" ಎಂದು ಮತ್ತೊಂದನ್ನು ಎತ್ತಿಕೊಂಡೇಬಿಟ್ಟರು! ಮಾರನೆಯ ಬೆಳಿಗ್ಗೆ ಬಟ್ಟಲು ಮೆಟ್ಟಿಲ ಮೇಲಿರಲಿಲ್ಲ, ನನ್ನ ಹೊಸ್ತಿಲ ಮೇಲಿತ್ತು. ಮಹಡಿಯಿಂದ ದನಿ ಬಂತು: "ತಗೋಳೇ, ನಿನ್ನ ಮೇವು!"

ಮತ್ತೆ ಅವರದೇ ಕೊನೆಯ ಮಾತು.

ನಾನೂ ಸುಮ್ಮನಿರಲಿಲ್ಲ. ಶುಗರ್ ಇಳಿದದ್ದನ್ನು ನೋಡಿ ಕ್ಲಿನಿಕ್ಕಿನಲ್ಲಿ ಡಾಕ್ಟರು, "ಏನಮ್ಮ ಮಾಡಿದ್ರಿ?" ಎಂದು ಕೇಳಿದಾಗ ಅಕ್ಕ ಪಕ್ಕದಲ್ಲೇ ಕುಳಿತು, ಹೊಗಳಿಕೆಗೆಂದು ಸೆರಗು ಸರಿಮಾಡಿಕೊಂಡರು. "ಮಾತ್ರೆ ಸರಿಯಾಗಿ ತಗೊಂಡೆ, ವಾಕಿಂಗ್ ಮಾಡ್ದೆ ಸಾರ್" ಎಂದೆ. ಜ್ಯೂಸಿನ ಹೆಸರೆತ್ತಲಿಲ್ಲ. ಆಟೋದಲ್ಲಿ ಅವರು ಬೀದಿ ನೋಡುತ್ತಾ, "ನಾಳೆಯಿಂದ ಹಾಗಲಕಾಯಿ ಎರಡರಷ್ಟು" ಎಂದರು.

ಆ ನಾಳೆ ಬರಲಿಲ್ಲ. ಅಂದೇ ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಮಾತಿಗೆ ಜವಾಬು ಕೊಡಲೂ ಬಿಡದೆ ಹೋದರು. ಇದಕ್ಕಿಂತ ಮೋಸ ಇನ್ನೇನಿದೆ?

ತಿಥಿಯ ದಿನ ತಾರಸಿಯ ಮೇಲೆ ಎಡೆಯಿಟ್ಟು ಕಾದೆವು. ಕಾಗೆ ಮುಟ್ಟದೆ ಯಾರೂ ಊಟಕ್ಕೆ ಕೂರುವಂತಿಲ್ಲ. ಒಂದು ಕಾಗೆ ಪಕ್ಕದ ಮನೆಯ ನೀರಿನ ಟ್ಯಾಂಕಿನ ಮೇಲೆ ಕುಳಿತು ನೋಡುತ್ತಿತ್ತು, ಇಳಿಯಲಿಲ್ಲ. "ಏನೋ ಆಸೆ ಉಳ್ಕೊಂಡಿದೆ" ಎಂದರು ಯಾರೋ. ಅಕ್ಕನ ಮಗ ಕೈಮುಗಿದು, "ಅಪ್ಪನ್ನ ಚೆನ್ನಾಗಿ ನೋಡ್ಕೊತೀನಮ್ಮ" ಎಂದ. ಕಾಗೆ ಕದಲಲಿಲ್ಲ. ಸೊಸೆ ಅತ್ತಳು. ಕಾಗೆ ಕೊಕ್ಕು ಉಜ್ಜಿಕೊಂಡಿತು.

ನಾನು ಸೆರಗು ಸಿಕ್ಕಿಸಿಕೊಂಡು ಮುಂದೆ ಹೋದೆ.

"ಅಕ್ಕ, ನಿಮ್ಮ ಮೆಷಿನ್ನು ಈಗ ಕೆಳಗೆ ನಮ್ಮನೇಲಿದೆ. ನೀವು ಬರ್ಲಿಲ್ವೋ, ನಾಳೆ ಅದ್ರಲ್ಲಿ ಇಡ್ಲಿಗೆ ಅಕ್ಕಿ ರುಬ್ತೀನಿ. ಜಾಲರೀನೂ ತೊಳೆಯಲ್ಲ, ಹಂಗೇ ಇಡ್ತೀನಿ."

ಕಾಗೆ ನೆಟ್ಟಗೆ ಬಂದು ಎಡೆಯ ಮೇಲೆ ಎರಗಿತು.

ಎಲ್ಲರೂ ಕೈಮುಗಿದು ಊಟಕ್ಕೆ ಇಳಿದರು. ಅಂತೂ ಕೊನೆಯ ಮಾತು ನನ್ನದಾಯಿತು. ಅವರು ತಿರುಗಿ ಏನಾದರೂ ಅನ್ನಬಹುದೇನೋ ಎಂದು, ಕಾಗೆ ಹಾರಿಹೋದ ಮೇಲೂ ನಾನು ಬಿಸಿಲಲ್ಲಿ ಅಲ್ಲೇ ನಿಂತಿದ್ದೆ.