ಸುಲ್ತಾನ್‌ಪೇಟೆ ಶಿವಕುಮಾರಿಯವರ ಎರಡು ವಿಡಿಯೋ

ಸುಲ್ತಾನ್‌ಪೇಟೆಯ ‘ಪಂಚಾಕ್ಷರಯ್ಯ ಅಂಡ್ ಸನ್ಸ್’ ಲಗ್ನಪತ್ರಿಕೆ ಅಂಗಡಿಯ ಬೋರ್ಡಿನಲ್ಲಿ ಸನ್ಸ್ ಎಂದಿದೆಯೇ ಹೊರತು ಅಂಗಡಿ ನಡೆಯುತ್ತಿರುವುದು ಸೊಸೆಯಿಂದ. ಇದನ್ನು ಪಂಚಾಕ್ಷರಯ್ಯನವರ ಮಗ ನಾಗಭೂಷಣ್ ಅವರೇ ಬಂದವರಿಗೆಲ್ಲ ಹೇಳುತ್ತಾರೆ, ಅದೂ ಹೆಮ್ಮೆಯಿಂದ. ಇರುವುದು ನೀವೊಬ್ಬರೇ, ‘ಸನ್ಸ್’ ಯಾಕೆ ಎಂದು ಕೇಳಿದರೆ, ಅಪ್ಪನಿಗೆ ಆಸೆ ಜಾಸ್ತಿ ಇತ್ತು ಎನ್ನುತ್ತಾರೆ.

ಆ ಸೊಸೆಯೇ ಶಿವಕುಮಾರಿ. ವಯಸ್ಸು ಐವತ್ತೆಂಟು. ಮೂವತ್ತು ವರ್ಷದಿಂದ ಚಾಮರಾಜಪೇಟೆಯ ಮನೆಯಿಂದ ದಿನಾ ಹತ್ತು ಗಂಟೆಗೆ ಬಂದು, ಕನ್ನಡಕ ಏರಿಸಿ ಪ್ರೂಫ್ ಓದಲು ಕೂರುತ್ತಾರೆ. ಅಕ್ಷರದ ತಪ್ಪನ್ನು ಯಾರು ಬೇಕಾದರೂ ಹಿಡಿದಾರು. ಇವರು ಹಿಡಿಯುವುದು ಬಿಟ್ಟುಹೋದ ನೆಂಟರನ್ನು. “ಹುಡುಗಿ ಸೋದರಮಾವನ ಹೆಸರೇ ಇಲ್ವಲ್ಲ, ಜಗಳಾನಾ?” ಎಂದು ನೇರವಾಗಿ ಕೇಳಿಬಿಡುತ್ತಾರೆ. ಬಂದವರು ಮೊದಲು ಮುಖ ಸಿಂಡರಿಸಿ, ಆಮೇಲೆ ಕುರ್ಚಿ ಎಳೆದುಕೊಂಡು ಕೂತು ಇಡೀ ಜಗಳದ ಕಥೆ ಹೇಳುತ್ತಾರೆ. ಹಾಗೆ ಎಷ್ಟೋ ಸೋದರಮಾವಂದಿರು, ಚಿಕ್ಕಪ್ಪಂದಿರು ಕೊನೇ ಗಳಿಗೆಯಲ್ಲಿ ಪತ್ರಿಕೆಯೊಳಕ್ಕೆ ಬಂದು ಕೂತಿದ್ದಾರೆ.

ಕಳೆದ ಮಾಘದಲ್ಲಿ ಇವರ ಕೈಗೆ ಸಿಕ್ಕಿದವನು ಮಾಯಣ್ಣ. ಮಾಮೂಲ್‌ಪೇಟೆಯ ಗೋಡೌನಿನಿಂದ ಅಂಗಡಿಗೆ ಕಾರ್ಡಿನ ಬಂಡಲುಗಳನ್ನು ತನ್ನ ಲಗೇಜ್ ಆಟೋದಲ್ಲಿ ತಂದು ಇಳಿಸುವವನು. ಅವನ ಒಬ್ಬಳೇ ಮಗಳು ರಕ್ಷಿತಾಳ ಮದುವೆ ಗೊತ್ತಾಗಿತ್ತು. ಪ್ರೂಫ್ ನೋಡುತ್ತಿದ್ದ ಶಿವಕುಮಾರಿಯವರ ಬೆರಳು, ಸುಖಾಗಮನ ಬಯಸುವವರ ಪಟ್ಟಿಯ ಮೊದಲನೇ ಹೆಸರಿನ ಮೇಲೇ ನಿಂತಿತು.

“ತಿಮ್ಮಕ್ಕ ಯಾರು ಮಾಯಣ್ಣ? ಈ ಹೆಸರು ನಿನ್ನ ಬಾಯಲ್ಲಿ ಯಾವತ್ತೂ ಕೇಳೇ ಇಲ್ಲ.”

“ನಮ್ಮಕ್ಕ ಅಮ್ಮಾವ್ರೇ. ಮಾಗಡಿ ಹತ್ರ ಇದಾಳೆ. ಮಾತಾಡಿ ಆರು ವರ್ಷ ಆಯ್ತು.”

ಆರು ವರ್ಷದ ಹಿಂದೆ ತಿಮ್ಮಕ್ಕನ ಮಗನ ಮದುವೆ ಪತ್ರಿಕೆಯಲ್ಲಿ ಮಾಯಣ್ಣನ ಹೆಸರು ಬಿಟ್ಟುಹೋಗಿತ್ತು. ಅಚ್ಚಿನವರ ತಪ್ಪು ಎಂದು ಅಕ್ಕ ಹೇಳಿದರೂ ಕೇಳದೆ ಇವನು ಚಪ್ಪರದಲ್ಲಿ ಎಲ್ಲರೆದುರು ಕೂಗಾಡಿ ಬಂದಿದ್ದ. ತಾಯಿ ತೀರಿಕೊಂಡಾಗ ಇವನಿಗೆ ನಾಲ್ಕು ವರ್ಷ. ಎತ್ತಿ ಆಡಿಸಿದವಳು, ಸ್ಕೂಲಿಗೆ ಕಳಿಸಿದವಳು, ಮದುವೆ ಮಾಡಿದವಳು ಎಲ್ಲ ಆ ಅಕ್ಕನೇ. ಸಿಟ್ಟು ಇಳಿಯುವಷ್ಟರಲ್ಲಿ ನಾಚಿಕೆ ಹತ್ತಿಕೊಂಡಿತ್ತು, ನಾಚಿಕೆಯಲ್ಲೇ ಆರು ವರ್ಷ ಕಳೆದುಹೋಗಿತ್ತು. “ಅವಳಿಲ್ದೆ ನನ್ನ ಮಗಳಿಗೆ ಅರಿಶಿನ ಹಚ್ಚೋರು ಯಾರು ಅಮ್ಮಾವ್ರೇ?” ಎಂದ.

“ಹಾಗಿದ್ರೆ ಮೊದಲ ಪತ್ರಿಕೆ ತಗೊಂಡು ಅಲ್ಲಿಗೇ ಹೋಗು.”

ಮಾಯಣ್ಣ ಹೂಂ ಎಂದ. ಹೂಂ ಎಂದವನು ಹೋಗಲಿಲ್ಲ. ಎದುರಿಗೆ ನಿಂತು ಆಗಲ್ಲ ಅನ್ನಿಸಿಕೊಳ್ಳುವ ಧೈರ್ಯ ಸಾಲದೆ, ಪತ್ರಿಕೆಯ ಫೋಟೋವನ್ನು ಉಳಿದ ನೆಂಟರ ಜೊತೆ ಅಕ್ಕನ ವಾಟ್ಸಾಪಿಗೂ ಕಳಿಸಿ, ಅವಳದರ ಕೆಳಗೆ ‘ತಪ್ಪಾಯ್ತು ಅಕ್ಕ, ಬಾ’ ಎಂದು ಬರೆದು, ಫೋನನ್ನು ಸೀಟಿನ ಕೆಳಗೆ ತುರುಕಿ ಆಟೋ ಓಡಿಸಿಕೊಂಡು ಹೋದ.

ಅದೇ ವಾರ ಶಿವಕುಮಾರಿಯವರ ಪಕ್ಕದ ಮನೆ ಗಿರಿಜಾಂಬಾ ಅಳುತ್ತಾ ಬಂದರು. ಮಲ್ಲೇಶ್ವರದ ವಿಶಾಲಾಕ್ಷಮ್ಮ, ಎಂದರೆ ನಾಗಭೂಷಣರ ಸೋದರತ್ತೆ, ಅವರ ನಂಬರಿನಿಂದ ‘ಮದುವೆಗೆ ತಪ್ಪದೆ ಬನ್ನಿ, ಪತ್ರಿಕೆ ತೆರೆದು ನೋಡಿ’ ಎಂದು ಏನೋ ಬಂದಿತ್ತಂತೆ. ಗಿರಿಜಾಂಬಾ ಒತ್ತಿದರು. ಅದು ಏನೋ ಕೇಳಿತು, ಹೂಂ ಎಂದು ಒತ್ತಿದರು. ಮತ್ತೇನೋ ಕೇಳಿತು, ಅದಕ್ಕೂ ಹೂಂ. ಆಮೇಲೆ ಫೋನು ಇವರ ಮಾತು ಕೇಳುವುದನ್ನೇ ಬಿಟ್ಟು, ಇವರ ಹೆಸರಿನಲ್ಲಿ ಊರಿಗೆಲ್ಲ ಅದೇ ಪತ್ರಿಕೆ ಹಂಚತೊಡಗಿತು. ಬ್ಯಾಂಕಿನಿಂದ ಮೇಲಿಂದ ಮೇಲೆ ಮೆಸೇಜು.

ಫೋನು ಮಾಡಿದಾಗಲೆಲ್ಲ ಮೊದಲು ಬರುವ ಎಚ್ಚರಿಕೆಯ ಮಾತು ಕೇಳಿ ಕೇಳಿ ಶಿವಕುಮಾರಿಯವರಿಗೆ ಸೈಬರ್ ಕಳ್ಳರ ಮೇಲೆ ದೂರು ಕೊಡುವ ನಂಬರು ೧೯೩೦ ಬಾಯಿಪಾಠವಾಗಿತ್ತು. ತಮ್ಮ ಫೋನಿನಿಂದ ಅದಕ್ಕೆ ಹಚ್ಚಿ ದೂರು ಕೊಡಿಸಿ, ಬ್ಯಾಂಕಿಗೂ ಹೇಳಿ ಖಾತೆಗೆ ಬೀಗ ಹಾಕಿಸಿದರು. ಹೋದದ್ದು ಸ್ವಲ್ಪ, ಉಳಿದದ್ದು ಹೆಚ್ಚು. ಎಲ್ಲ ಮುಗಿದ ಮೇಲೆ ಕಾಫಿ ಕೊಟ್ಟು ಬೈದರು.

“ಹುಡುಗ ಯಾರು, ಹುಡುಗಿ ಯಾರು, ಛತ್ರ ಎಲ್ಲಿ, ಏನೂ ಇಲ್ಲ. ಅಂಥ ಮದುವೆಗೂ ಹೊರಟುಬಿಟ್ಯಲ್ಲೇ!”

“ಒಳಗಡೆ ಇರತ್ತೆ ಅಂದ್ಕೊಂಡೆ ಕಣೇ,” ಎಂದರು ಗಿರಿಜಾಂಬಾ. ಪಾಪ, ಒಳಗೆ ಇದ್ದದ್ದು ಕಳ್ಳ.

ವಿಶಾಲಾಕ್ಷಮ್ಮನವರಿಗೂ ಮೊದಲೇ ಹೀಗೇ ಆಗಿತ್ತೆಂದು ಆಮೇಲೆ ತಿಳಿಯಿತು. ಶಿವಕುಮಾರಿಯವರಿಗೆ ಮೈಯೆಲ್ಲ ಉರಿಯಿತು. ಲಗ್ನಪತ್ರಿಕೆ ಎಂದರೆ ಅವರಿಗೆ ಅನ್ನ. ಅದರ ವೇಷ ಹಾಕಿಕೊಂಡು ಮನೆಮನೆಗೆ ನುಗ್ಗುವುದೆಂದರೇನು? ಗಂಡನ ಕೈಗೆ ಫೋನ್ ಕೊಟ್ಟು, ಅಂಗಡಿಯ ಕಾರ್ಡುಗಳ ಮುಂದೆ ನಿಂತು, “ಶುರು ಮಾಡ್ರೀ” ಎಂದರು.

ನಾಗಭೂಷಣರು ಫೋನನ್ನು ಮೇಲ್ಮುಖವಾಗಿ ಹಿಡಿದು ಮೊದಲ ಅರ್ಧ ನಿಮಿಷ ಫ್ಯಾನ್ ಮಾತ್ರ ಕಾಣಿಸಿತು. ಆದರೆ ಮಾತು ಸ್ಪಷ್ಟವಾಗಿ ಕೇಳುತ್ತಿತ್ತು. “ಫೋನಿನಲ್ಲಿ ಬರೋ ಲಗ್ನಪತ್ರಿಕೇನ ಯಾರೂ ಮುಟ್ಟಬೇಡಿ. ಯಾರೇ ಕಳಿಸ್ಲಿ, ಅಳಿಸಿಹಾಕಿ. ಕರೆಯೋ ಮನಸ್ಸಿದ್ದೋರು ಕಾರ್ಡ್ ಹಿಡ್ಕೊಂಡು ಮನೆಗೆ ಬರ್ತಾರೆ!” ಹೀಗೆ ಕೈ ಬೀಸಿ ಬೀಸಿ ಹೇಳುವಾಗ ಅದರಲ್ಲಿ ಒಂದು ಚಿಟಿಕೆ ವ್ಯಾಪಾರದ ಕಿಚ್ಚೂ ಸೇರಿತ್ತು. ವಾಟ್ಸಾಪ್ ಬಂದಮೇಲೆ ಸಾವಿರ ಕಾರ್ಡ್ ಹಾಕಿಸುತ್ತಿದ್ದವರು ನೂರೈವತ್ತಕ್ಕೆ ಇಳಿದಿದ್ದ ಸಂಕಟ ಎಲ್ಲಿಗೆ ಹೋಗಬೇಕು? ಅದೂ ಆ ವಿಡಿಯೋದೊಳಗೇ ಹೋಯಿತು.

ವಿಡಿಯೋ ಹಬ್ಬಿದ್ದೇ ಹಬ್ಬಿದ್ದು. ವಠಾರದ ಗುಂಪು, ಭಜನೆಯ ಗುಂಪು, ವಾಕಿಂಗ್ ಗುಂಪು ಎಲ್ಲ ದಾಟಿ ಮಾಗಡಿ, ಕುಣಿಗಲ್ ಮುಟ್ಟಿತು. ಚಾಮರಾಜಪೇಟೆಯಲ್ಲಿ ಹೂವು ಕೊಳ್ಳಲು ನಿಂತಾಗ ಯಾರೋ ಗುರುತು ಹಿಡಿದು, “ನೀವು ಅಳಿಸಿಹಾಕಿ ಮೇಡಂ ಅಲ್ವಾ?” ಎಂದರು. ಶಿವಕುಮಾರಿಯವರು ಅಂದು ಎರಡು ಮೊಳ ಹೂವು ಹೆಚ್ಚಿಗೆ ಕೊಂಡರು.

ಈ ಸಂಭ್ರಮ ಇಳಿಯುವ ಮುಂಚೆಯೇ ಮಾಯಣ್ಣ ಬಂದ. ಬಂಡಲ್ ಇಳಿಸದೆ ಸ್ಟೂಲಿನ ಮೇಲೆ ಕುಸಿದು ಕೂತ.

“ಅಮ್ಮಾವ್ರೇ, ನಿಮ್ಮ ವಿಡಿಯೋ ನಮ್ಮ ನೆಂಟ್ರೆಲ್ಲ ನೋಡಿದಾರೆ.”

“ಹೌದಾ? ಒಳ್ಳೇದಾಯ್ತಲ್ಲ!”

“ಎಲ್ರೂ ನನ್ನ ಪತ್ರಿಕೆ ಅಳಿಸಿಹಾಕಿದಾರೆ. ನಾಲ್ಕು ಜನ ನನ್ನ ನಂಬರೇ ಬ್ಲಾಕ್ ಮಾಡಿದಾರೆ. ನಮ್ಮಕ್ಕಾನೂ ಅಳಿಸಿದಾಳಂತೆ. ‘ಮಾಯನ ಹೆಸರಲ್ಲಿ ಯಾರೋ ಕಳ್ಳ ಕಳಿಸವ್ನೆ, ಅವನು ತಪ್ಪಾಯ್ತು ಅಂತ ಬರಿಯೋ ಜಾತಿನೇ ಅಲ್ಲ’ ಅಂದ್ಳಂತೆ. ಮದುವೆಗೆ ಇನ್ನು ಹನ್ನೊಂದು ದಿನ.”

ಶಿವಕುಮಾರಿಯವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಎಷ್ಟೋ ಮನೆಗಳ ಜಗಳ ಬಿಡಿಸಿ ಹೆಸರು ಸೇರಿಸಿದ ಕೈ ಇದು. ಈಗ ಒಂದೇ ಮಾತಿಗೆ ಒಬ್ಬ ತಮ್ಮ ಆರು ವರ್ಷದ ಮೇಲೆ ಕೇಳಿದ ಕ್ಷಮೆಯನ್ನು ಕಸಕ್ಕೆ ಹಾಕಿಸಿಬಿಟ್ಟಿತ್ತು. ಕಳ್ಳರ ಮೇಲಿದ್ದ ಸಿಟ್ಟು ತಿರುಗಿ ತಮ್ಮ ಮೇಲೇ ಬಂತು.

“ಈಗಲೇ ಊರಿಗೆ ಹೋಗು ಮಾಯಣ್ಣ. ಬಾಡಿಗೆ ನಾನು ಕೊಡ್ತೀನಿ.”

“ಆಗಲ್ಲ ಅಮ್ಮಾವ್ರೇ. ಫೋಟೋ ನೋಡಿ ಸುಮ್ನಿದ್ರೆ ಇನ್ನೂ ಆಸೆ ಇರತ್ತೆ. ಮುಖ ನೋಡಿ ಬಾಗಿಲು ಹಾಕ್ಕೊಂಡ್ರೆ ಅಲ್ಲಿಗೆ ಮುಗೀತು,” ಎಂದು ಎದ್ದು ಬಂಡಲ್ ಇಳಿಸಲು ಹೋದ.

ಅವನು ಇಳಿಸುತ್ತಿರುವಾಗಲೇ ಅಂಗಡಿಯ ಫೋನು ಹೊಡೆದುಕೊಂಡಿತು. ವಿಶಾಲಾಕ್ಷಮ್ಮ. ಹಲೋ ಎನ್ನುವುದಕ್ಕೂ ಬಿಡಲಿಲ್ಲ.

“ಏನೇ ಶಿವಕುಮಾರಿ, ನಿನ್ನ ಮಗಳು ಶರಣ್ಯನ ಗೃಹಪ್ರವೇಶಕ್ಕೆ ಫೋನಲ್ಲಿ ಕರೀತೀಯಾ? ಲಗ್ನಪತ್ರಿಕೆ ಅಂಗಡಿ ಇಟ್ಕೊಂಡು? ಮಲ್ಲೇಶ್ವರ ಏನು ಕಾಶೀನಾ? ಮೆಟ್ರೋ ಹತ್ತಿದ್ರೆ ಬಂದ್ಬಿಡ್ಬಹುದಲ್ಲ! ನಿನ್ನ ವಿಡಿಯೋ ನೋಡಿ ನಿನ್ನ ಪತ್ರಿಕೇನೇ ಅಳಿಸಿದೆ. ಆಮೇಲೆ ಅನುಮಾನ ಬಂತು, ಯಾವುದಕ್ಕೂ ಬೈದು ನೋಡೋಣ ಅಂತ ಮಾಡ್ದೆ.”

ಶಿವಕುಮಾರಿಯವರು ನಾಲಿಗೆ ಕಚ್ಚಿಕೊಂಡರು. “ಇಲ್ಲ ಅತ್ತೆ, ಸೀಸನ್ನು, ಅಂಗಡಿ ಬಿಟ್ಟು ಬರೋಕಾಗ್ಲಿಲ್ಲ, ಇವರಿಗೆ ಮಂಡಿನೋವು, ಕಾರ್ಡ್ ಕಟ್ಟಿಟ್ಟಿದೀನಿ, ನಾಳೆನೇ ಬರ್ತೀನಿ, ಬೇಜಾರು ಮಾಡ್ಕೋಬೇಡಿ,” ಎಂದು ಒಂದೇ ಉಸಿರಿನಲ್ಲಿ ಬೇಡಿಕೊಂಡರು.

“ಹಂ. ನೀನೇ ಹೌದು,” ಎಂದು ವಿಶಾಲಾಕ್ಷಮ್ಮ ಫೋನಿಟ್ಟರು.

ಶಿವಕುಮಾರಿಯವರು ರಿಸೀವರ್ ಹಿಡಿದುಕೊಂಡೇ ನಿಂತರು. ಆಮೇಲೆ ಜೋರಾಗಿ ನಕ್ಕರು. ನಾಗಭೂಷಣರು ಬಂದು ನೋಡಿದರೆ ಆಗಲೇ ಸೆರಗು ಸರಿಮಾಡಿಕೊಂಡು ಕಾರ್ಡುಗಳ ಮುಂದೆ ನಿಂತಿದ್ದರು. “ಫೋನ್ ತಗೊಳ್ರೀ. ಈ ಸಲ ಫ್ಯಾನ್ ಬೇಡ, ನನ್ನ ಮುಖ ತೋರ್ಸಿ. ಮಾಯಣ್ಣ, ನಿನ್ನ ಪತ್ರಿಕೆ ಓದ್ಲಾ?” ಮಾಯಣ್ಣ ಏನು ಎತ್ತ ತಿಳಿಯದೆ ತಲೆಯಾಡಿಸಿದ.

ಎರಡನೆಯ ವಿಡಿಯೋ ಹೀಗೆ ಶುರುವಾಗುತ್ತದೆ: “ಹೋದ ವಾರ ನಾನು ಹೇಳಿದ್ದರಲ್ಲಿ ಅರ್ಧ ತಪ್ಪು. ಕಳ್ಳರ ಮೇಲಿನ ಸಿಟ್ಟಿನ ಜೊತೆಗೆ ನನ್ನ ಕಾರ್ಡ್ ಮಾರಾಟ ಆಗಲಿ ಅನ್ನೋ ಆಸೆನೂ ಇತ್ತು. ಕ್ಷಮಿಸಿ.” ಅಂಗಡಿಯವರೊಬ್ಬರು ಊರಿನೆದುರು ಹೀಗೆ ಹೇಳುವುದನ್ನು ಸುಲ್ತಾನ್‌ಪೇಟೆ ಅದಕ್ಕೆ ಮೊದಲು ಕಂಡಿರಲಿಲ್ಲ. ಮುಂದೆ ಹೇಳಿದರು: “ನಿಜವಾದ ಪತ್ರಿಕೆ ಫೋಟೋ ಆಗಿರತ್ತೆ, ಇಲ್ಲಾ ಪಿಡಿಎಫ್ ಆಗಿರತ್ತೆ. ಹೆಸರಿನ ಕೊನೆಗೆ ಎಪಿಕೆ ಅಂತಿದ್ರೆ, ಒತ್ತಿದಾಗ ಇನ್‌ಸ್ಟಾಲ್ ಮಾಡ್ಲಾ ಅಂತ ಕೇಳಿದ್ರೆ, ಅದು ಪತ್ರಿಕೆ ಅಲ್ಲ, ಮುಟ್ಟಬೇಡಿ. ಆಗ್ಲೇ ಒತ್ತಿ ಕೆಟ್ಟಿದ್ರೆ ನಾಚ್ಕೋಬೇಡಿ, ತಕ್ಷಣ ೧೯೩೦ಕ್ಕೆ ಹೇಳಿ. ಅನುಮಾನ ಇದ್ರೆ ಇನ್ನೊಂದು ದಾರಿ ಇದೆ. ಕಳಿಸಿದವರಿಗೆ ನಿಮ್ಮ ಹತ್ರ ಮೊದಲಿಂದ ಇರೋ ನಂಬರಿಗೆ ಫೋನ್ ಮಾಡಿ, ಬೈಯಿರಿ! ಮನೆಗೆ ಬಂದು ಕರೆಯೋಕೆ ಏನು ರೋಗ ಅಂತ ಕೇಳಿ. ನಿಜವಾದ ನೆಂಟರಾದ್ರೆ ಕಾಲಿಗೆ ಬೀಳ್ತಾರೆ, ಹತ್ತು ಸಬೂಬು ಹೇಳ್ತಾರೆ. ಕಳ್ಳ ನಿಮ್ಮ ಬೈಗುಳ ಕೇಳ್ಕೊಂಡು ಕೂರಲ್ಲ.”

ಆಮೇಲೆ ರಕ್ಷಿತಾಳ ಮದುವೆಯ ಪತ್ರಿಕೆಯನ್ನು ಎತ್ತಿ ಹಿಡಿದು, ನಿಜವಾದ ಪತ್ರಿಕೆ ಹೀಗಿರುತ್ತದೆ ಎಂದು ಮೇಲಿನಿಂದ ಕೆಳಗಿನವರೆಗೆ ಓದಿದರು. ರಂಗನಾಥಸ್ವಾಮಿಯ ಹೆಸರಾಯಿತು, ವಧುವರರಾದರು, ಮುಹೂರ್ತವಾಯಿತು, ಚಾಮರಾಜಪೇಟೆಯ ಛತ್ರವೂ ಆಯಿತು. “ಸುಖಾಗಮನ ಬಯಸುವವರು, ಎಲ್ಲರಿಗಿಂತ ಮೊದಲು, ಹುಡುಗಿಯ ಸೋದರತ್ತೆ ಶ್ರೀಮತಿ ತಿಮ್ಮಕ್ಕನವರು,” ಎಂದು ಬಿಡಿಸಿ ಬಿಡಿಸಿ ಓದಿ, ಆ ಹೆಸರಿನ ಮೇಲೆ ಬೆರಳಿಟ್ಟು ಕ್ಯಾಮೆರಾಗೆ ತೋರಿಸಿದರು.

ಮಾರನೆಯ ದಿನದಿಂದ ಮಾಯಣ್ಣನಿಗೆ ಬೈಗುಳದ ಸುರಿಮಳೆ. ಕುಣಿಗಲ್ಲಿನ ಷಡ್ಡಕ ಬೈದ, ಬಿಡದಿಯ ದೊಡ್ಡಪ್ಪ ಬೈದರು. ಬ್ಲಾಕ್ ಮಾಡಿದ್ದ ನಾಲ್ವರೂ ಅದನ್ನು ತೆಗೆದು ಬೈದರು. ಇವನು ಆಟೋ ಬದಿಗೆ ನಿಲ್ಲಿಸಿ ಹಲ್ಲು ಕಿರಿದು ಎಲ್ಲರಿಂದ ಬೈಸಿಕೊಂಡ. ಇತ್ತ ಗಿರಿಜಾಂಬಾಗೂ ಹುರುಪು ಬಂದು, ಗೊತ್ತಿದ್ದವರಿಗೆಲ್ಲ ಕಾರಣವಿಲ್ಲದೆಯೂ ಫೋನ್ ಮಾಡಿ ಬೈಯತೊಡಗಿದರು. ಆದರೆ ಮಾಗಡಿಯಿಂದ ಮಾತ್ರ ಸದ್ದಿಲ್ಲ. ಎರಡು ದಿನವಾಯಿತು, ಮೂರು ದಿನವಾಯಿತು. ನಾಲ್ಕನೆಯ ದಿನ ಶಿವಕುಮಾರಿಯವರು ಪ್ರೂಫ್ ಬದಿಗಿಟ್ಟು ಬಾಗಿಲ ಕಡೆಗೇ ನೋಡುತ್ತಾ ಕೂತುಬಿಟ್ಟರು.

ಅಂದು ಮಧ್ಯಾಹ್ನ ಮಾಯಣ್ಣ ಬಂಡಲ್ ಹೊತ್ತು ಒಳಗೆ ಬರುತ್ತಿದ್ದಾಗ ಅವನ ಅಂಗಿಯ ಮೇಲುಜೇಬಿನಲ್ಲಿ ಫೋನ್ ಹೊಡೆದುಕೊಂಡಿತು. ತಲೆ ಬಗ್ಗಿಸಿ ನೋಡಿದವನು ಕಂಬದ ಹಾಗೆ ನಿಂತ. ಜೇಬಿನಿಂದ ಇಣುಕುತ್ತಿದ್ದ ಸ್ಕ್ರೀನಿನಲ್ಲಿ ಅಕ್ಕ ಎಂದಿತ್ತು.

“ಎತ್ತೋ ಮಾರಾಯ!” ಎಂದು ಶಿವಕುಮಾರಿಯವರು ಓಡಿ ಬಂದು, ಅವನ ಎರಡೂ ಕೈಯಲ್ಲಿ ಬಂಡಲ್ ಇದ್ದದ್ದರಿಂದ ತಾವೇ ಫೋನ್ ತೆಗೆದು ಸ್ಪೀಕರ್ ಒತ್ತಿ ಹಿಡಿದರು.

“ಯಾರ್ಲಾ ಅದು?” ಎಂದಿತು ಆ ಕಡೆಯ ದನಿ.

“ನಾನೇ ಅಕ್ಕ. ಮಾಯ.”

“ಮಾಯ ಅಂತ ಯಾರ್ ಬೇಕಾದ್ರೂ ಹೇಳ್ತಾರೆ. ಆ ಕನ್ನಡಕದಮ್ಮ ಬೈದು ನೋಡಿ ಅಂದವ್ರೆ, ಅದ್ಕೇ ಮಾಡಿವ್ನಿ. ನಾಕ್ ದಿನ ಆಯ್ತು, ಏನ್ ಬೈಬೇಕು ಅಂತ ಯೋಚ್ನೆ ಮಾಡಿ ಮಾಡಿ ಸಾಕಾಯ್ತು. ಆರು ವರ್ಷದ್ದು ಸೇರ್ಕೊಂಡೈತೆ, ಎಲ್ಲಿಂದ ಶುರು ಮಾಡ್ಲಿ?”

ಎಲ್ಲಿಂದಲೋ ಶುರು ಮಾಡಿದಳು. ಹಬ್ಬಕ್ಕೆ ಬರಲಿಲ್ಲ ಎಂದಳು, ಭಾವನಿಗೆ ಆಪರೇಷನ್ ಆದಾಗ ಬಂದು ನೋಡಲಿಲ್ಲ ಎಂದಳು, ರಕ್ಷಿತಾ ಎಷ್ಟೆತ್ತರ ಬೆಳೆದಿದ್ದಾಳೆಂದು ತನಗೆ ಫೋಟೋದಲ್ಲಿ ನೋಡುವ ಹಣೆಬರಹ ಬಂತಲ್ಲ ಎಂದಳು. ಮಾಯಣ್ಣ ಬಂಡಲ್ ಕೆಳಗಿಡುವುದನ್ನೂ ಮರೆತು ಪ್ರತಿಯೊಂದಕ್ಕೂ “ಹೂಂ ಅಕ್ಕ, ತಪ್ಪಾಯ್ತು ಅಕ್ಕ” ಎನ್ನುತ್ತಿದ್ದ. ಅಂಗಡಿಗೆ ಬಂದಿದ್ದ ಗಿರಾಕಿಗಳೂ ಸ್ಯಾಂಪಲ್ ಕಾರ್ಡ್ ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದರು. ನಾಗಭೂಷಣರು ಸದ್ದಾಗದಂತೆ ಹೋಗಿ ಫ್ಯಾನ್ ಆರಿಸಿದರು.

ಕೊನೆಗೆ ಆ ಕಡೆಯ ದನಿ ತಗ್ಗಿತು.

“ಅಳ್ತಿದೀಯೇನ್ಲಾ?”

“ಇಲ್ಲ ಅಕ್ಕ.”

“ಅಂಗಾರೆ ನೀನು ಯಾವನೋ ಕಳ್ಳನೇ. ನಮ್ಮ ಮಾಯ ಆಗಿದ್ರೆ ಇಷ್ಟೊತ್ತಿಗೆ ಅತ್ತಿರೋನು.”

 ಐವತ್ತರ ಗಂಡಸು, ತೋಳಿನಲ್ಲಿ ಇಪ್ಪತ್ತು ಕೇಜಿಯ ಬಂಡಲ್ ಹೊತ್ತುಕೊಂಡು, ಸುಲ್ತಾನ್‌ಪೇಟೆಯ ನಡುಮಧ್ಯಾಹ್ನದಲ್ಲಿ ಗೊಳೋ ಎಂದು ಅತ್ತ.

“ಹೂಂ,” ಎಂದಳು ತಿಮ್ಮಕ್ಕ. ಅವಳೂ ಮೂಗು ಒರೆಸಿಕೊಂಡದ್ದು ಸ್ಪೀಕರಿನಲ್ಲಿ ಎಲ್ಲರಿಗೂ ಕೇಳಿಸಿತು. “ಈಗ ಗೊತ್ತಾಯ್ತು. ಅರಿಶಿನ ಯಾವತ್ತು ಹೇಳು, ಹಿಂದಿನ ದಿನಾನೇ ಬತ್ತೀನಿ.”