ಡಾಕ್ಟರು ಹೊಡೆದು ಹಾಕಿದ ಸಾಲು

ಆ ಪತ್ರವನ್ನು ಬರೆದವಳು ನಾನೇ. ಸಹಿ ಮಾತ್ರ ಡಾಕ್ಟರದು.

ಎರಡು ಸಾವಿರದ ಎರಡನೇ ಇಸವಿ. ನಂಜನಗೂಡಿನ ಒಂದು ನರ್ಸಿಂಗ್ ಹೋಮಿನಲ್ಲಿ ನಾನು ನರ್ಸಾಗಿ ಐದು ವರ್ಷ ಕಳೆದಿತ್ತು. ಇಂಗ್ಲೆಂಡಿಗೆ ಅರ್ಜಿ ಹಾಕಿದ್ದೆ. ನನಗೆ ಯಾವ ಯಾವ ಕೆಲಸ ಬರುತ್ತದೆ ಎಂದು ನಮ್ಮ ಡಾಕ್ಟರು ಅಲ್ಲಿಯವರಿಗೆ ಬರೆದುಕೊಡಬೇಕಿತ್ತು.

"ನೀನೇ ಟೈಪ್ ಮಾಡಿಸ್ಕೊಂಡು ಬಾರಮ್ಮ, ಸೈನ್ ಹಾಕ್ಕೊಡ್ತೀನಿ" ಅಂದರು. ನಮ್ಮ ಕಡೆ ಎಲ್ಲ ಸರ್ಟಿಫಿಕೇಟೂ ಹುಟ್ಟುವುದು ಹೀಗೇ ತಾನೆ...

ನಾನು ಟೈಪ್ ಮಾಡಿಸಿದ ಪತ್ರದಲ್ಲಿ ಒಂದು ಸಾಲಿತ್ತು. ಸಹಜ ಹೆರಿಗೆಗಳನ್ನು ಈಕೆ ಒಬ್ಬಳೇ ನಿಂತು ಮಾಡಿಸುತ್ತಾಳೆ.

ಅದು ನಿಜವಾಗಿತ್ತು. ಡಾಕ್ಟರಿಗೆ ಟಿ. ನರಸೀಪುರದಲ್ಲಿ ಇನ್ನೊಂದು ಕ್ಲಿನಿಕ್ ಇತ್ತು, ಅರ್ಧ ದಿನ ಅಲ್ಲೇ. ನೋವು ತಿನ್ನುತ್ತ ಯಾರಾದರೂ ಬಂದರೆ ನಾನು ಫೋನ್ ಮಾಡುತ್ತಿದ್ದೆ. "ಹೊರಟೆ, ಹೊರಟೆ" ಎನ್ನುತ್ತಿದ್ದರು. ಅವರು ಬಂದು ಮುಟ್ಟುವ ಹೊತ್ತಿಗೆ ಮಗು ಬಟ್ಟೆ ಸುತ್ತಿಸಿಕೊಂಡು ತಾಯಿಯ ಮಗ್ಗುಲಲ್ಲಿರುತ್ತಿತ್ತು.

ರಿಜಿಸ್ಟರಿನಲ್ಲಿ 'ಹೆರಿಗೆ ಮಾಡಿಸಿದವರು' ಅಂತ ಒಂದು ಕಾಲಮ್ಮು. ಅದರಲ್ಲಿ ಅವರ ಹೆಸರು ಬರೆಯುತ್ತಿದ್ದವಳೂ ನಾನೇ.

ತಗಡೂರಿನ ಪುಟ್ಟಮ್ಮನ ಹೆರಿಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಮಗುವಿನ ತಲೆ ಬಂದಿದೆ, ಕುತ್ತಿಗೆಗೆ ಹೊಕ್ಕುಳಬಳ್ಳಿ ಸುತ್ತಿಕೊಂಡಿದೆ. "ಡಾಕ್ಟ್ರು ಎಲ್ಲವ್ರೆ ಕಣಕ್ಕ?" ಅಂತ ಅವಳು ನನ್ನ ತೋಳು ಹಿಡಿದು ಚೀರುತ್ತಾಳೆ. "ದಾರೀಲವ್ರೆ, ನೀನು ಈಗ ಮುಕ್ಕಬ್ಯಾಡ, ಉಸ್ರು ಬುಡು" ಅಂತ ಗದರುತ್ತೇನೆ. ಎರಡು ಬೆರಳು ತೂರಿಸಿ ಬಳ್ಳಿಯನ್ನು ತಲೆಯ ಮೇಲಿಂದ ಜಾರಿಸಿ ತೆಗೆಯುತ್ತೇನೆ.

ಮಗು ಅಳಲು ಸ್ವಲ್ಪ ಹೊತ್ತು ಹಿಡಿಯಿತು. ಹೆಣ್ಣುಮಗು. ಆ ಸ್ವಲ್ಪ ಹೊತ್ತಿನಲ್ಲಿ ಅಲ್ಲಿ ನನ್ನನ್ನು ಬಿಟ್ಟು ಯಾರೂ ಇರಲಿಲ್ಲ.

ಪತ್ರ ಓದಿದ ಡಾಕ್ಟರು ನಕ್ಕರು. "ಈ ಸಾಲು ಬೇಡಮ್ಮ. ನಾಳೆ ಯಾರಾದ್ರೂ, ನೀನೆಲ್ಲಯ್ಯಾ ಹೋಗಿದ್ದೆ ಅಂತ ಕೇಳಿದ್ರೆ ಏನ್ ಹೇಳ್ಲಿ?" ಎನ್ನುತ್ತಲೇ ಅದರ ಮೇಲೆ ಪೆನ್ನು ಎಳೆದರು.

ಆ ಜಾಗಕ್ಕೆ ಅವರೇ ಹೇಳಿ ಬರೆಸಿದ್ದು ಇಷ್ಟು. ಬಹಳ ವಿಧೇಯಳು. ಎದುರು ಮಾತಾಡುವವಳಲ್ಲ. ಡಾಕ್ಟರು ಹೇಳದೆ ಏನನ್ನೂ ಮಾಡುವುದಿಲ್ಲ.

"ಯಾವ ದೇಶದೋರಿಗಾದ್ರೂ ಇಂಥ ಹುಡುಗೀನೇ ಬೇಕು ಕಣಮ್ಮ."

ನನಗೆ ಸಿಟ್ಟು ಬರಲಿಲ್ಲ. ನಾಚಿಕೆ ಬಿಟ್ಟು ಹೇಳುತ್ತೇನೆ, ಖುಷಿಯಾಯಿತು. ಕಳಲೆಯ ನಮ್ಮ ಮನೆಗೆ ಹೆಣ್ಣು ನೋಡಲು ಬಂದವರ ಮುಂದೆ ಅವ್ವ ಹೇಳುತ್ತಿದ್ದುದೂ ಹೆಚ್ಚುಕಡಿಮೆ ಇವೇ ಮಾತು.

ಪತ್ರದಲ್ಲಿ ಏನಿದೆಯೆಂದು ಅವ್ವನಿಗೆ ಓದಿ ಹೇಳಿದೆ. ಅವಳು ಲಕೋಟೆಯ ಮೂಲೆಗೆ ವಿಭೂತಿ ಹಚ್ಚಿ, "ಎಷ್ಟು ಚೆಂದಾಗಿ ಬರ್ದವ್ರೆ ಕಣವ್ವ, ದೊಡ್ಡ ಮನ್ಸ" ಅಂದಳು.

ಇಂಗ್ಲೆಂಡಿನಲ್ಲಿ ನನ್ನನ್ನು ಕರೆಸಿಕೊಂಡದ್ದು ಸಮುದ್ರದ ದಂಡೆಯ ಒಂದು ವೃದ್ಧಾಶ್ರಮ. ಮೊದಲು ಕೆಲವು ತಿಂಗಳು ಅಲ್ಲಿ ಇನ್ನೊಬ್ಬ ನರ್ಸಿನ ಕಣ್ಗಾವಲಿನಲ್ಲಿ ಕೆಲಸ. ಆಮೇಲೆ ಅಲ್ಲಿಯ ನರ್ಸ್ ಎಂದು ರಿಜಿಸ್ಟ್ರೇಷನ್, ಆಮೇಲೆ ಯಾವುದಾದರೂ ಆಸ್ಪತ್ರೆಯ ಹೆರಿಗೆ ವಾರ್ಡು. ನಾನು ಅಂದುಕೊಂಡಿದ್ದು ಹಾಗೆ.

ಹೆರಿಗೆ ಕೆಲಸಕ್ಕೆ ಮುಂಚಿತವಾಗಿಯೇ ಹಾಕಿಟ್ಟ ಅರ್ಜಿ ವಾಪಸ್ ಬಂತು. ಡಾಕ್ಟರ ಪತ್ರದಲ್ಲಿ ಸ್ವತಂತ್ರವಾಗಿ ಹೆರಿಗೆ ಮಾಡಿಸಿದ ಅನುಭವ ಕಾಣುತ್ತಿಲ್ಲ ಎಂದು.

ವೃದ್ಧಾಶ್ರಮದವರು ಕಣ್ಗಾವಲಿನ ಅವಧಿಯನ್ನೂ ಮುಗಿಸಿಕೊಡದೆ ಮುಂದಕ್ಕೆ ಹಾಕುತ್ತಲೇ ಹೋದರು. ಯಾಕೆಂದು ಕೇಳಿದ್ದಕ್ಕೆ ಮ್ಯಾನೇಜರ್ ಹೆಂಗಸು ನನ್ನದೇ ಪತ್ರವನ್ನು ನನ್ನ ಕಡೆ ತಿರುಗಿಸಿ, ಕೊನೆಯ ಸಾಲಿನ ಕೆಳಗೆ ಬೆರಳಿಟ್ಟರು. ಯಾರೂ ಹೇಳದೆ ಏನೂ ಮಾಡದವಳ ಕೈಯಲ್ಲಿ ರೋಗಿಯನ್ನು ಹೇಗೆ ಬಿಟ್ಟು ಹೋಗುವುದು ಎಂದು ಕೇಳಿದರು. ದನಿಯಲ್ಲಿ ಕೊಂಕಿರಲಿಲ್ಲ.

ನಾನು ಏನು ಹೇಳಬೇಕಿತ್ತು? ಪತ್ರ ಸುಳ್ಳು ಅನ್ನಲೇ? ಬೇಕಾದರೆ ರಿಜಿಸ್ಟರ್ ತರಿಸಿ ನೋಡಿ ಅನ್ನಲೇ? ಅದರಲ್ಲಿ ಇರುವುದು ನನ್ನ ಅಕ್ಷರ, ಡಾಕ್ಟರ ಹೆಸರು.

ಎದ್ದು ಬಂದೆ. ಎದುರು ಮಾತಾಡಲಿಲ್ಲ... ಪತ್ರದಲ್ಲಿ ಬರೆದಂತೆಯೇ.

ತಿಂಗಳುಗಳು ಹೋಗಿ ನಾಲ್ಕು ವರ್ಷವಾಯಿತು. ಮುದುಕರಿಗೆ ಊಟ ಮಾಡಿಸಿದೆ, ಮೈ ಒರೆಸಿದೆ, ಮಗ್ಗುಲು ಬದಲಿಸಿದೆ. ಅದು ಕೀಳು ಕೆಲಸ ಅಂತ ನಾನು ಯಾವತ್ತೂ ಅಂದುಕೊಂಡಿಲ್ಲ. ಆದರೆ ಬೆರಳಿಗೆ ಗೊತ್ತಿದ್ದದ್ದು ಬೆರಳಿಗೇ ಮರೆತುಹೋಗುತ್ತದೆ. ಅದು ಮರೆಯುತ್ತಿರುವುದು ಮಾತ್ರ ನಮಗೆ ದಿನಾ ಗೊತ್ತಾಗುತ್ತದೆ.

ವೀಸಾ ಮುಗಿಯಿತು. ವಾಪಸ್ ಬಂದೆ. ಆಮೇಲೆ ಎಂ.ಎ. ಓದಿದ್ದು, ಮೇಷ್ಟರ ಕೆಲಸ ಹಿಡಿದದ್ದು ಬೇರೆ ಕತೆ.

ಬಂದ ವಾರವೇ ನಂಜನಗೂಡು ಬಸ್ ಸ್ಟ್ಯಾಂಡಿನಲ್ಲಿ ಕಳಲೆ ಬಸ್ಸಿಗೆ ಕಾಯುತ್ತಿದ್ದೇನೆ. ಹೆಂಗಸೊಬ್ಬಳು ಓಡಿ ಬಂದು ನನ್ನ ರೆಟ್ಟೆ ಹಿಡಿಯುತ್ತಾಳೆ. ಪುಟ್ಟಮ್ಮ. ಪಕ್ಕದಲ್ಲಿ ಎರಡು ಜಡೆಯ, ಸ್ಕೂಲ್ ಬ್ಯಾಗಿನ ಹುಡುಗಿ.

"ಬಾಮ್ಮೀ ಇಲ್ಲಿ, ಅಕ್ಕಂಗೆ ಕೈ ಮುಗಿ. ನಿನ್ನ ಈಚೆಗ್ ತೆಗ್ದೋಳು ಇವ್ಳೇ ಕಣೆ."

"ಡಾಕ್ಟ್ರಲ್ವಾ ಅವ್ವ?" ಅಂತು ಹುಡುಗಿ.

"ಯಾವ ಡಾಕ್ಟ್ರು? ಆವಯ್ಯ ಬಂದಾಗ ನೀನು ಆಲು ಕುಡ್ದು ಮಲ್ಗಿದ್ದೆ!" ಅಂತ ಪುಟ್ಟಮ್ಮ ಬಸ್ ಸ್ಟ್ಯಾಂಡಿಗೆಲ್ಲ ಕೇಳುವಂತೆ ನಕ್ಕಳು.

ಆಮೇಲೆ ನನ್ನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು ಕೇಳಿದಳು. "ಪಾರಿನ್ ದೇಸ್ದಲ್ಲಿ ಎಷ್ಟ್ ಎರ್ಗೆ ಮಾಡುಸ್ದೆ ಕಣಕ್ಕ?"

"ಒಂದೂ ಇಲ್ಲ ಪುಟ್ಟಮ್ಮ."

"ಓಗಕ್ಕ, ತಮಾಸೆ ಮಾಡ್ತೀಯ!"

ಅವಳು ಕೊನೆಗೂ ನಂಬಲಿಲ್ಲ. ನನ್ನ ಕೆಲಸಕ್ಕೆ ಇದ್ದ ಒಂದೇ ಸಾಕ್ಷಿ ಅವಳು, ಮತ್ತು ಅವಳಂಥವರು. ಅವರನ್ನು ಒಂದು ಮಾತು ಕೇಳಬೇಕೆಂದು ಯಾವ ದೇಶಕ್ಕೂ ಹೊಳೆಯಲಿಲ್ಲ.

ನಿಮ್ಮ ಬದುಕಿನಲ್ಲೂ ಯಾರಾದರೂ ನಗುನಗುತ್ತ ಹೊಡೆದು ಹಾಕಿದ ಸಾಲು ಒಂದಿದೆಯೇ?